ಕೈಗವಸಿನ ಬೆರಳು

ಟಿಕ್.

ಯಾರೋ ಒಂದೇ ಬೆರಳಿನ ನೆಟಿಕೆ ಮುರಿದ ಹಾಗೆ, ಅಷ್ಟು ಸಣ್ಣ ಸದ್ದು. ಸೊಸೆ ಕಣ್ಣು ತೆರೆದಳು. ಪಕ್ಕದಲ್ಲಿ ಗಂಡನ ಗೊರಕೆ ತನ್ನ ಪಾಡಿಗೆ ತಾನು ನಡೆದಿತ್ತು. ಮನೆಗೆ ಬೆಂಕಿ ಬಿದ್ದರೂ ಅವನಿಗೆ ಬೆಳಗ್ಗೆ ತಿಳಿಸಿದರೆ ಸಾಕು. ಅವಳು ಹಾಗಲ್ಲ. ಈ ಮನೆಯ ಸದ್ದುಗಳನ್ನೆಲ್ಲ ಅವಳು ಬಲ್ಲಳು: ಫ್ರಿಜ್ಜಿನ ನಡುಕ, ನೀರಿನ ಕೊಳವೆಯ ಗೊಣಗಾಟ, ಗಾಳಿಗೆ ಬಡಿಯುವ ಕಿಟಕಿಯ ಕೊಂಡಿ. ಇದು ಅವುಗಳಲ್ಲಿ ಯಾವುದೂ ಅಲ್ಲ.

ಎದ್ದು ಗ್ಯಾಸಿನ ಗುಂಡಿ ಮುಟ್ಟಿ ನೋಡಿದಳು. ನಲ್ಲಿ ತಿರುವಿ ನೋಡಿದಳು. ಬಾಗಿಲ ಚಿಲಕ ಎಳೆದು ನೋಡಿದಳು. ಮುಂದಿನ ಕೋಣೆಯಲ್ಲಿ ಅತ್ತೆಯ ಮಂಚ, ಅದರ ಪಕ್ಕ ಕೆಂಪಗೆ ಉರಿಯುವ ಹೀಟರ್, ಹೀಟರಿನ ಮಗ್ಗುಲಲ್ಲಿ ಅತ್ತೆಯ ವಾಕರ್. ನಿಂತೇ ನಿದ್ದೆ ಮಾಡುವ ದನದ ಹಾಗೆ ಅದು ನಾಲ್ಕೂ ಕಾಲೂರಿಕೊಂಡು ನಿಂತಿತ್ತು.

"ಯಾರದು?" ಅತ್ತೆಗೆ ಎಚ್ಚರವಿತ್ತು.

"ನಾನೇ ಅತ್ತೆ. ಏನೋ ಸದ್ದಾಯ್ತು."

"ನನ್ನ ಮೂಳೆ ಇರ್ಬೇಕು. ಈ ಮನೇಲಿ ರಾತ್ರಿ ಪಾಳಿ ಮಾಡೋದು ಅದೊಂದೇ."

"ತಮಾಷೆ ಬೇಡಿ."

"ಮತ್ತೇನು ಅಳ್ಲಾ? ಉಸಿರಾಡ್ತಿದ್ದೀನಾ ಇಲ್ವಾ ನೋಡೋಕೆ ಬಂದಿದ್ರೆ, ಆಡ್ತಿದ್ದೀನಿ. ಹೋಗು, ಮಲ್ಕೋ. ನಿನ್ನ ಕಿವಿಗೆ ಇರುವೆ ಕೆಮ್ಮಿದ್ರೂ ಕೇಳುತ್ತೆ."

ಸೊಸೆ ಹಾಸಿಗೆಗೆ ಮರಳಿದಳು. ನಿದ್ದೆ ಮರಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಅತ್ತೆಯ ಸೊಂಟದ ಮೂಳೆ ಮುರಿದಿತ್ತು. ಅದನ್ನು ಕೂಡಿಸಿದ ಮೇಲೆ ಬಂದದ್ದು ಈ ವಾಕರ್, ಹಗುರವಾದ ಅಲ್ಯುಮಿನಿಯಂ ಕೊಳವೆಯದು. ಅತ್ತೆ ಅದನ್ನು ಎತ್ತಿ ಇಡುತ್ತಿರಲಿಲ್ಲ, ಎಳೆದುಕೊಂಡೇ ಓಡಾಡುತ್ತಿದ್ದರು. ಕೆಲವೇ ತಿಂಗಳಲ್ಲಿ ಕಾಲಿನ ರಬ್ಬರ್ ಬಿರಡೆಗಳು ತಳ ಸವೆದು, ಒಳಗಿನ ಕೊಳವೆಯೇ ನೆಲಕ್ಕೆ ಉಜ್ಜತೊಡಗಿತು. ಕೆಳಮನೆಯವರು ಬಂದು, "ನಿಮ್ಮನೇಲಿ ಹೊತ್ತಲ್ಲದ ಹೊತ್ತಲ್ಲಿ ಗಾಡಿ ಓಡಿಸ್ತೀರಾ?" ಎಂದು ಕೇಳಿ ಹೋದರು. ಆಗ ಸೊಸೆ ತಾನು ಕೆಲಸ ಮಾಡುವ ಕಾರ್ಖಾನೆಯಿಂದ ತಂದಿದ್ದ ನೀಲಿ ಕೈಗವಸುಗಳ ಬೆರಳು ಕತ್ತರಿಸಿ, ಒಂದರ ಮೇಲೊಂದರಂತೆ ಪ್ರತಿ ಕಾಲಿಗೂ ತೊಡಿಸಿದಳು. ಸದ್ದು ನಿಂತಿತು. "ನಾಲ್ಕು ಕಾಲಿಗೂ ಬೂಟು ಹಾಕ್ಸಿದ್ಯಲ್ಲ, ಇನ್ನು ಶಾಲೆಗೆ ಸೇರ್ಸು" ಎಂದಿದ್ದರು ಅತ್ತೆ.

ಆ ಉಪಾಯ ಹೇಳಿಕೊಟ್ಟವಳು ಗುಬ್ಬಿ. ಅದು ಅವಳ ನಿಜ ಹೆಸರಲ್ಲ. ಗಿಡ್ಡಗಿದ್ದು ಸದಾ ಚಿಲಿಪಿಲಿ ಎನ್ನುತ್ತಿದ್ದುದರಿಂದ ಬಂದ ಹೆಸರು. ಸೊಸೆಯ ಜೊತೆ ಅದೇ ಕಾರ್ಖಾನೆಯಲ್ಲಿ, ಅದೇ ಪ್ಯಾಕಿಂಗ್ ಕೋಣೆಯಲ್ಲಿ ಕೆಲಸ. ಮನೆ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ.

ಕಾರ್ಖಾನೆಯಲ್ಲಿ ಅವರು ಶುದ್ಧಮಾಡಿ ಬಾಟಲಿಗೆ ತುಂಬುತ್ತಿದ್ದುದು ಗ್ಯಾಲಿಯಂ. ಬೆಳ್ಳಿಯಂತೆ ಹೊಳೆಯುವ ಲೋಹ. ಚಳಿಯಲ್ಲಿ ಕಲ್ಲು, ಅಂಗೈ ಬಿಸಿ ತಾಕಿದರೆ ನೀರು. ಭೂಮಿಯಲ್ಲಿ ಅದಕ್ಕೆಂದೇ ಗಣಿಯಿಲ್ಲ. ಬೇರೆ ಲೋಹ ತೆಗೆದು ಉಳಿದ ಕೆಸರಿನಿಂದ ಚೂರು ಚೂರೇ ಹಿಂಡಿ ತೆಗೆಯಬೇಕು. ಎಲ್‌ಇಡಿ ದೀಪ, ಮೊಬೈಲ್ ಟವರು, ಉಪಗ್ರಹದ ಸೌರಫಲಕ, ಯುದ್ಧವಿಮಾನದ ರಾಡಾರ್, ಎಲ್ಲದಕ್ಕೂ ಅದು ಬೇಕು. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗಂಡ ಕೆಟ್ಟ ಚಾರ್ಜರ್ ಬಿಚ್ಚಿ ಸಾಸಿವೆಯಷ್ಟಿನ ಚಿಪ್ ತೋರಿಸಿ, "ನೋಡು, ನಿನ್ನ ಬೆವರು ಇದರೊಳಗಿದೆ. ಅದಕ್ಕೇ ಇಷ್ಟು ಬೇಗ ಬಿಸಿಯಾಗುತ್ತೆ" ಎಂದು ಚುಡಾಯಿಸುತ್ತಿದ್ದ.

ಪ್ಯಾಕಿಂಗ್ ಕೋಣೆಗೆ ಅಲ್ಯುಮಿನಿಯಂ ನಿಷಿದ್ಧ. ಊಟದ ಡಬ್ಬಿ, ಮಾತ್ರೆಯ ಹಾಳೆ, ಕೂದಲ ಕ್ಲಿಪ್ಪು, ಎಲ್ಲವನ್ನೂ ಗೇಟಿನಲ್ಲೇ ಬಿಟ್ಟು ಹೋಗಬೇಕು. ಏಕೆಂಬುದನ್ನು ಕೆಲಸಕ್ಕೆ ಸೇರಿದ ವಾರ ತರಬೇತಿಯವನು ತೋರಿಸಿದ್ದ. ದಪ್ಪನೆಯ ಅಲ್ಯುಮಿನಿಯಂ ಪಟ್ಟಿಯನ್ನು ಮೊಳೆಯಿಂದ ಗೀರಿ, ಗೀರಿದ ಜಾಗದಲ್ಲಿ ಒಂದು ಹನಿ ಗ್ಯಾಲಿಯಂ ಇಟ್ಟು ಮುಚ್ಚಿದ. ಮಾರನೆಯ ದಿನ ಆ ಪಟ್ಟಿಯನ್ನು ಎರಡು ಬೆರಳಲ್ಲಿ ಬಿಸ್ಕತ್ತಿನಂತೆ ಮುರಿದ. "ಇದು ಅಲ್ಯುಮಿನಿಯಂನ ತಿನ್ನಲ್ಲ. ಅದರ ಕಣಕಣದ ಸಂದಿಗೂ ನುಸುಳಿ ಕೂತ್ಕೊಳ್ಳುತ್ತೆ. ಹೊರಗಿಂದ ನೋಡಿದ್ರೆ ಏನೂ ಆಗಿರೋದಿಲ್ಲ. ಭಾರ ಬಿದ್ದಾಗಲೇ ಗೊತ್ತಾಗೋದು" ಎಂದಿದ್ದ. ಸೊಸೆಗೆ ಆ ಕೊನೆಯ ಮಾತು ಅಂದಿನಿಂದಲೂ ಹಿಡಿಸಿರಲಿಲ್ಲ.

ಅದಕ್ಕೇ ಹೆಂಗಸರು ತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಪಾಳಿ ಮುಗಿದ ಮೇಲೆ ಕಸಕ್ಕೆ ಹೋಗುವ ಕೈಗವಸುಗಳಲ್ಲಿ ಎಡಗೈಯವನ್ನು ಮಾತ್ರ ಮನೆಗೆ ಒಯ್ಯಬೇಕು. ಲೋಹ ಮುಟ್ಟುವುದು ಬಲಗೈ. ಎಡಗೈ ಬಾಟಲಿ ಹಿಡಿಯುವುದು ಅಷ್ಟೇ. ಗುಬ್ಬಿ ಹೇಳುವಂತೆ "ಎಡಗೈ ಮಡಿ, ಬಲಗೈ ಮೈಲಿಗೆ." ಕಟ್ಟಡದ ಅರ್ಧ ಮನೆಗಳಲ್ಲಿ ಕುರ್ಚಿಗೆ, ಮೇಜಿಗೆ, ಕೊಡದ ಬಾಯಿಗೆ ಆ ನೀಲಿ ಬೆರಳುಗಳಿದ್ದವು.

ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಸೊಸೆ ಮಂಚದ ಸುತ್ತ ಗುಡಿಸಿದಳು. ವಾಕರಿನ ಬಳಿ ಬೂದಿಯಂಥ ಪುಡಿ ಒಂದು ಚಿಟಿಕೆಯಷ್ಟು ಬಿದ್ದಿತ್ತು.

"ಅತ್ತೆ, ಇಲ್ಲೇನಾದ್ರೂ ಸುಟ್ರಾ?"

"ನಿನ್ನ ಗಂಡನ್ನ ಸುಡೋಣ ಅಂತಿದ್ದೆ, ಬೆಂಕಿಪೊಟ್ಟಣ ಸಿಗ್ಲಿಲ್ಲ."

ನಕ್ಕು, ಪುಡಿಯನ್ನು ಮೊರಕ್ಕೆ ತಳ್ಳಿ, ಹೊತ್ತಾಯಿತೆಂದು ಓಡಿದಳು.

ಅಂದು ಕಾರ್ಖಾನೆಯಲ್ಲಿ ಯಂತ್ರಗಳು ಶುರುವಾಗಲಿಲ್ಲ. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ್ದರು. ಗೇಟಿನಲ್ಲಿ ಹೊಸ ಕಾವಲುಗಾರರು, ಕೈಯಲ್ಲಿ ಲೋಹ ಪತ್ತೆಮಾಡುವ ಕೋಲುಗಳು. ಮ್ಯಾನೇಜರ್ ಕುರ್ಚಿ ಹತ್ತಿ ಮಾತಾಡಿದರು. ಕಚ್ಚಾ ಮಾಲು ಕಳಿಸುತ್ತಿದ್ದ ದೇಶ ಕಳಿಸುವುದನ್ನು ನಿಲ್ಲಿಸಿದೆ. ಇಂದಿನಿಂದ ಇದು ಬರೀ ಲೋಹವಲ್ಲ, ದೇಶದ ಆಯಕಟ್ಟಿನ ವಸ್ತು. ಒಂದು ಹನಿ ಹೊರಗೆ ಹೋದರೂ ಕಳವು. ಮೈಮೇಲಿನ ಅಂಗಿಯ ಹೊರತು ಕಾರ್ಖಾನೆಯ ಒಂದು ಚಿಂದಿಯೂ ಹೊರಗೆ ಹೋಗಕೂಡದು.

"ಕೈಗವಸು ಸಹಿತ" ಎಂದು ಸೇರಿಸಿದರು. "ನೆನ್ನೆ ಸಂಜೆ ಒಬ್ಬನನ್ನ ಹಿಡಿದಿದ್ದೇವೆ."

ಒಬ್ಬನೆಂದರೆ ಉದ್ದಣ್ಣ, ಲಾರಿಗೆ ಪೆಟ್ಟಿಗೆ ಏರಿಸುವವನು. ಊಟದ ಚೀಲದಲ್ಲಿ ನಾಲ್ಕೈದು ಹಳೆಯ ಕೈಗವಸು ಸಿಕ್ಕಿದ್ದಕ್ಕೆ ನಿಂತ ಕಾಲಲ್ಲೇ ಕೆಲಸ ಹೋಯಿತು. ಕೆಲಸದ ಜೊತೆಗೆ ಕಾರ್ಖಾನೆ ಕೊಡುವ ವಿಮೆಯ ಕಾರ್ಡೂ ರದ್ದಾಯಿತು. ಅವನ ಹೆಂಡತಿ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಳು. ಬೆಳಗಾಗುವುದರೊಳಗೆ ಅವಳನ್ನು ಬೇರೆ ಕಡೆ ಸಾಗಿಸಿದರಂತೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಎಲ್ರೂ ನೋಡು, ಕೈ ಹಿಂದೆ ಕಟ್ಕೊಂಡು ನಿಂತಿದ್ದಾರೆ" ಎಂದು ಗುಬ್ಬಿ ಪಿಸುಗುಟ್ಟಿದಳು. ಆಮೇಲೆ ದನಿ ಇನ್ನಷ್ಟು ತಗ್ಗಿಸಿ, "ನಮ್ಮನೇಲಿ ಒಂದು ರಾಶಿ ಇದೆ ಕಣೇ. ಸುಟ್ಟುಬಿಡ್ಲಾ?"

"ಸುಡಬೇಡ. ವಾಸನೆ ಬರುತ್ತೆ."

"ಅಷ್ಟಕ್ಕೂ ಎಡಗೈವೇ ತಾನೇ? ಅದರಲ್ಲಿ ಏನಿರುತ್ತೆ, ನನ್ನ ಬೆವರು?"

ಮ್ಯಾನೇಜರ್ ಇನ್ನೂ ಮಾತಾಡುತ್ತಿದ್ದರು. ಬಾಟಲಿ ಒಡೆದ ದಿನದ ತೂಕ ಇವತ್ತಿಗೂ ಕೂಡಿಬಂದಿಲ್ಲ, ಅಂದು ನೆಲದಿಂದ ಆರಿಸಿದ್ದರಲ್ಲಿ ಎಷ್ಟೋ ಕಾಣೆಯಾಗಿದೆ ಎನ್ನುತ್ತಿದ್ದರು.

ಬಾಟಲಿ ಒಡೆದ ದಿನ. ಗ್ಯಾಲಿಯಂ ಗಟ್ಟಿಯಾಗುವಾಗ ನೀರಿನಂತೆ ಹಿಗ್ಗುತ್ತದೆ. ಅದಕ್ಕೇ ಬಾಟಲಿಯ ಕತ್ತಿನವರೆಗೆ ತುಂಬುವುದಿಲ್ಲ. ಹೊಸಬಳೊಬ್ಬಳು ತುಂಬಿಬಿಟ್ಟಿದ್ದಳು. ತಂಪುಕೋಣೆಯಲ್ಲಿ ಸಾಲುಸಾಲಾಗಿ ಬಾಟಲಿಗಳು ಸೀಳಿಹೋಗಿ, ಬೆಳ್ಳಿಮಣಿಗಳು ನೆಲದ ತುಂಬ ಉರುಳಿದ್ದವು. ಕರಗುವ ಮುಂಚೆ ಆರಿಸಬೇಕೆಂದು ಎಲ್ಲರೂ ಮಂಡಿಯೂರಿ ಕೂತು ಬಾಚಿದ್ದರು. ಸೊಸೆಗೆ ಆ ಚಿತ್ರ ಕಣ್ಣಿಗೆ ಕಟ್ಟಿತು: ತಾನು, ಪಕ್ಕದಲ್ಲಿ ಗುಬ್ಬಿ, ಕೋಳಿ ಕಾಳು ಹೆಕ್ಕುವ ಹಾಗೆ ಎರಡೂ ಕೈಯಲ್ಲಿ.

ಎರಡೂ ಕೈಯಲ್ಲಿ.

ಅಂದು ಸಂಜೆಯೂ ರೂಢಿಯಂತೆ ಎಡಗೈಯವನ್ನೇ ಆರಿಸಿ ಮನೆಗೆ ಒಯ್ದಿದ್ದರು. ಕಳಚುವಾಗ ಕೈಗವಸು ಒಳಹೊರಗಾಗುತ್ತದೆ. ಹೊರಗೆ ಅಂಟಿದ್ದ ಮಣಿ ಬೆರಳಿನ ಒಳತುದಿಗೆ ಸೇರುತ್ತದೆ. ಚಳಿಗೆ ಗಟ್ಟಿಯಾಗಿ, ಅಕ್ಕಿಕಾಳಿಗಿಂತ ಸಣ್ಣದಾಗಿ, ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ. ಆ ವಾರವೇ ಅವಳು ಬೆರಳುಗಳನ್ನು ಕತ್ತರಿಸಿ ತೊಡಿಸಿದ್ದು. ಉಜ್ಜಿ ಉಜ್ಜಿ ಗೀರುಬಿದ್ದ ಅಲ್ಯುಮಿನಿಯಂ ತುದಿಗೆ. ಹೀಟರಿನ ಪಕ್ಕ ನಿಲ್ಲುವ ವಾಕರಿಗೆ.

ಗುಬ್ಬಿಯ ಕಡೆ ತಿರುಗಿ ಬಾಯಿ ತೆರೆದಳು. ಕಾವಲುಗಾರನೊಬ್ಬ ಸಾಲಿನ ಪಕ್ಕ ನಡೆದುಬರುತ್ತಿದ್ದ. ಬಾಯಿ ಮುಚ್ಚಿದಳು.

ಮನೆಗೆ ಫೋನು ಮಾಡೋಣವೆಂದರೆ ಫೋನುಗಳೆಲ್ಲ ಗೇಟಿನ ಪೆಟ್ಟಿಗೆಯಲ್ಲಿ. ತಲೆನೋವೆಂದು ರಜೆ ಕೇಳಿದಳು. "ಇವತ್ತು ಯಾರಿಗೆ ತಲೆನೋವು ಬರುತ್ತೋ ಅವರ ಹೆಸರೇ ಮೊದಲು ಬರೆದುಕೊಳ್ಳೋದು" ಎಂದು ಮೇಲ್ವಿಚಾರಕಿ ಅವಳ ಮುಖವನ್ನೇ ನೋಡಿದಳು. ಪಾಳಿ ಮುಗಿಯುವವರೆಗೂ ಸೊಸೆ ಬಾಟಲಿ ತುಂಬಿದಳು. ಪ್ರತಿ ಹನಿಯೂ ಅವಳಿಗೆ ಅತ್ತೆಯ ಒಂದೊಂದು ಹೆಜ್ಜೆಯಂತೆ ಕಾಣುತ್ತಿತ್ತು: ಈಗ ಎದ್ದಿರಬೇಕು, ಈಗ ಬಚ್ಚಲಿಗೆ ಹೊರಟಿರಬೇಕು, ಈಗ ಭಾರ ಬಿಟ್ಟಿರಬೇಕು.

ಅವಳು ಮನೆ ಮುಟ್ಟಿದಾಗ ಮೆಟ್ಟಿಲ ತುಂಬ ಜನ.

ಅತ್ತೆ ಹೊಸ್ತಿಲ ಬಳಿ ಅಡ್ಡಲಾಗಿ ಬಿದ್ದಿದ್ದರು. ಗಂಡ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ವಾಕರ್ ಗೋಡೆಗೆ ಬಡಿದು ಮಗುಚಿತ್ತು. ಅದರ ಮುಂದಿನ ಕಾಲೊಂದು ಗೇಣುದ್ದ ತುಂಡಾಗಿ, ಮುರಿದ ಕಡೆ ಒದ್ದೆ ಮರಳಿನ ಹಾಗೆ ಬೂದುಬಣ್ಣಕ್ಕೆ ಉದುರುತ್ತಿತ್ತು.

"ಬಿದ್ದದ್ದು ನಾನಲ್ಲ ಕಣೇ, ವಾಕರ್" ಎಂದರು ಅತ್ತೆ. ತುಟಿ ಬಿಳಿಚಿಕೊಂಡಿತ್ತು. "ನಾನು ಸುಮ್ನೆ ಅದರ ಜೊತೆ ಹೋದೆ."

ಆಂಬುಲೆನ್ಸಿನವರು ಅತ್ತೆಯನ್ನು ಮೆಟ್ಟಿಲಿಳಿಸುವಾಗ ಸೊಸೆ ಚೀಲ ತರುತ್ತೇನೆಂದು ಒಳಗುಳಿದಳು. ಮಂಡಿಯೂರಿ, ನಾಲ್ಕೂ ಕಾಲುಗಳ ನೀಲಿ ಬೆರಳುಗಳನ್ನು ಕಿತ್ತಳು. ಮುರಿದ ಕಾಲಿನದರ ಒಳಗೆ ಕನ್ನಡಿಯ ಪಾದರಸ ಬಳಿದಂಥ ಗುರುತಿತ್ತು. ಅಷ್ಟೂ ಬೆರಳುಗಳನ್ನು ಕರವಸ್ತ್ರದಲ್ಲಿ ಸುತ್ತಿ ಸ್ವೆಟರಿನ ಒಳಗಿಟ್ಟುಕೊಂಡಳು.

ಆಸ್ಪತ್ರೆಯ ಕಿಟಕಿಯಲ್ಲಿ ಅವಳು ಕಾರ್ಖಾನೆಯ ಕಾರ್ಡು ಕೊಟ್ಟಾಗ, ಒಳಗಿದ್ದವಳು ಸಂಖ್ಯೆ ಒತ್ತಿ ಪರದೆ ನೋಡಿದಳು. ಆಮೇಲೆ, "ಚಾಲ್ತಿಯಲ್ಲಿದೆ" ಎಂದಳು.

ಡಾಕ್ಟರು ಸುತ್ತಿಬಳಸಲಿಲ್ಲ. "ಹಳೇ ಜೋಡಣೆಯ ಪಕ್ಕದಲ್ಲೇ ಮುರಿದಿದೆ. ನಾಳೆ ಬೆಳಗ್ಗೆ ಆಪರೇಶನ್ ಮಾಡಿದ್ರೆ ನಡೀತಾರೆ. ಮಾಡ್ದಿದ್ರೆ ಹಾಸಿಗೆ ಬಿಟ್ಟು ಏಳಲ್ಲ. ಈ ವಯಸ್ಸಲ್ಲಿ ಹಾಸಿಗೆ ಹಿಡಿದವರು ಬಹಳ ದಿನ ಇರಲ್ಲ. ಕಾರ್ಡ್ ಇದೆ ತಾನೇ?"

"ಇದೆ" ಎಂದಳು ಸೊಸೆ.

ವಾಕರ್ ಮಾರಿದ ಅಂಗಡಿಯಾತ ಗಂಡನ ಫೋನಿಗೆ ಹೆದರಿ ಅಲ್ಲಿಗೇ ಓಡಿಬಂದಿದ್ದ. ಎದೆಗೂಡು ಎದ್ದು ಕಾಣುವ, ಉಬ್ಬಸದ ಮನುಷ್ಯ.

"ಮುದುಕರು ಬಿದ್ದು ಸಾಯ್ಲಿ ಅಂತಾನೇ ಮಾರ್ತೀರೇನ್ರೀ?" ಗಂಡ ಓಣಿಯಲ್ಲೇ ಕೂಗಾಡಿದ.

"ಸಾರ್, ನಮ್ಮಪ್ಪನೂ ಇದನ್ನೇ ಹಿಡ್ಕೊಂಡು ಓಡಾಡೋದು. ಇದೇ ಕಂಪನಿದು." ಗಂಡ ಮನೆಯಿಂದ ತರಿಸಿದ್ದ ಮುರಿದ ಕಾಲನ್ನು ಅವನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದ. "ಇದು ಮುರಿದದ್ದಲ್ಲ ಸಾರ್, ಪುಡಿಯಾದದ್ದು. ನಾನು ಇಂಥದ್ದು ನೋಡೇ ಇಲ್ಲ. ಕಂಪನಿಗೆ ಕಳಿಸಿ ಪರೀಕ್ಷೆ ಮಾಡಿಸ್ತೀನಿ, ಕೊಡಿ."

"ಯಾಕೆ, ಸಾಕ್ಷಿ ಮಾಯ ಮಾಡೋಕಾ? ಪರೀಕ್ಷೆ ನಾನೇ ಮಾಡಿಸ್ತೀನಿ. ನಿಮ್ಮ ಅಂಗಡಿಗೆ ಬೀಗ ಹಾಕಿಸ್ದಿದ್ರೆ ಕೇಳಿ." ಗಂಡ ತುಂಡನ್ನು ಕಸಿದು ಹೆಂಡತಿಯ ಕೈಗಿತ್ತ. "ಮನೇಲಿ ಭದ್ರವಾಗಿಡು. ಹಾಗೇ ಅಮ್ಮನ ಬಟ್ಟೆ ತಗೊಂಡು ಬಾ."

ಅಂಗಡಿಯಾತ ಅವಳ ಕಡೆ ನೋಡಿದ. "ಅಮ್ಮಾ, ನೀವಾದ್ರೂ ಹೇಳಿ. ಅದನ್ನ ಆಸಿಡ್ ಹತ್ರ ಎಲ್ಲಾದ್ರೂ ಇಟ್ಟಿದ್ರಾ?"

"ಇಲ್ಲ" ಎಂದಳು. ಅದು ನಿಜವೇ ಆಗಿತ್ತು.

"ಬಿಡೋ ಅವನ್ನ, ಪಾಪ" ಎಂದರು ಗಾಡಿಯ ಮೇಲೆ ಮಲಗಿದ್ದ ಅತ್ತೆ. "ಅವನೇನು ಬಂದು ನನ್ನ ಕಾಲು ಎಳೆದ್ನಾ?"

ಕಟ್ಟಡಕ್ಕೆ ಹಿಂತಿರುಗಿದಾಗ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಗುಬ್ಬಿಗೆ ಅಂದು ಓವರ್‌ಟೈಮ್. ಮಹಡಿಗಳ ನಡುವಿನ ತಿರುವಿನಲ್ಲಿ, ಬಿಸಿನೀರಿನ ಕೊಳವೆಗೆ ಒರಗಿಸಿ ಗುಬ್ಬಿಯ ಗಂಡನ ಏಣಿ ನಿಂತಿತ್ತು. ಅವನು ಗೋಡೆಗೆ ಬಣ್ಣ ಹೊಡೆಯುವವನು. ನುಣುಪು ನೆಲದ ಮನೆಗಳಲ್ಲಿ ಗೀರು ಬೀಳದಿರಲೆಂದು ಏಣಿಯ ಕಾಲುಗಳಿಗೆ ಹೆಂಡತಿ ತಂದ ನೀಲಿ ಬೆರಳು ತೊಡಿಸುತ್ತಿದ್ದ. ಅಲ್ಯುಮಿನಿಯಂ ಏಣಿ.

ಸೊಸೆ ದಾಟಿ ನಾಲ್ಕು ಮೆಟ್ಟಿಲು ಹೋದಳು. ನಿಂತಳು. ಮತ್ತೆ ಇಳಿದು ಬಂದಳು.

ಕುಕ್ಕರುಗಾಲಲ್ಲಿ ಕೂತು ಒಂದು ಬೆರಳು ಎಳೆದಳು. ಸ್ವಚ್ಛವಾಗಿತ್ತು. ಇನ್ನೊಂದನ್ನು ಎಳೆದಳು. ಅದು ಬರಲೊಲ್ಲದೆ, ಬಂದಾಗ ಹೆಪ್ಪುಗಟ್ಟಿದ ಬೂದಿಯಂಥದೇನೋ ಜೊತೆಗೆ ಉದುರಿತು. ಉಗುರಿನಿಂದ ಕೊಳವೆಯನ್ನು ಕೆರೆದಳು. ಅಲ್ಯುಮಿನಿಯಂ ಹಪ್ಪಳದ ಹಾಗೆ ಎದ್ದುಬಂತು. ಮೇಲೆ ನೋಡಿದರೆ ಏಣಿ ಹೊಳೆಯುತ್ತ, ನೆಟ್ಟಗೆ, ಹೊಸದರಂತೆ ನಿಂತಿತ್ತು.

ಮೇಲಿನ ಮನೆಯ ಬಾಗಿಲು ತಟ್ಟಿ ಗುಬ್ಬಿಯ ಗಂಡನಿಗೆ ಹೇಳಬಹುದಿತ್ತು. ಹೇಳಿದರೆ ಏಕೆ ಎಂದು ಕೇಳುತ್ತಾನೆ; ಏಕೆ ಎಂದು ಹೇಳಿದರೆ ಗುಬ್ಬಿಗೆ ಹೇಳುತ್ತಾನೆ; ಗುಬ್ಬಿಗೆ ಹೇಳುವುದೂ ಡಂಗುರ ಹೊಡೆಸುವುದೂ ಒಂದೇ. ಬಾಯಿ ಬಿಟ್ಟರೆ ಬಣ್ಣಗೇಡು. ಆಸ್ಪತ್ರೆಯ ಕಿಟಕಿಯಲ್ಲಿ ಕೂತವಳು ನಾಳೆ ಬೆಳಗ್ಗೆ ಪರದೆ ನೋಡಿ ಬೇರೆಯೇ ಮಾತು ಹೇಳಿಬಿಟ್ಟರೆ?

ಸೊಸೆ ಕಿತ್ತ ಬೆರಳುಗಳನ್ನು ಕರವಸ್ತ್ರದ ಗಂಟಿಗೆ ಸೇರಿಸಿದಳು. ಏಣಿಯನ್ನು ನೆಲಕ್ಕೆ ಅಡ್ಡ ಮಲಗಿಸಿ, ಆ ಕಾಲಿನ ಮೇಲೆ ತನ್ನ ಪೂರ್ತಿ ಭಾರ ಬಿಟ್ಟು ತುಳಿದಳು. ಅಷ್ಟೊಂದು ಬಲ ಬೇಕಿರಲಿಲ್ಲ. ಕಾಲು ಏಣಿಯ ಎರಡು ಮೆಟ್ಟಿಲಿನುದ್ದಕ್ಕೂ ಪುಡಿಯಾಗಿ, ಏಣಿ ದಡಾರನೆ ಗೋಡೆಗೆ ಬಡಿಯಿತು.

"ಯಾರದು?" ಮೇಲಿನಿಂದ ಗುಬ್ಬಿಯ ಗಂಡ ಇಳಿದು ಬಂದ. ತೋಳಿನ ಮೇಲೆಲ್ಲ ಬಿಳಿ ಬಣ್ಣದ ಚುಕ್ಕೆ. "ಅಕ್ಕಾ, ನೀವಾ? ಏಟಾಯ್ತಾ?"

"ಕತ್ತಲಲ್ಲಿ ಎಡವಿಬಿಟ್ಟೆ. ಏಣಿ ಬಿದ್ದುಹೋಯ್ತು."

ಅವನು ಏಣಿ ಎತ್ತಿ ನೋಡಿದ. "ಅಯ್ಯಯ್ಯೋ. ನನ್ನಂಥ ಆನೆನ ಹೊತ್ತಿದ್ದ ಏಣಿ, ನೀವು ಎಡವಿದ್ದಕ್ಕೆ ಮುರೀತಾ! ನಾಳೆ ಶಾಲೆಯ ಸಭಾಂಗಣದ ಛಾವಣಿ ಹೊಡೀಬೇಕಿತ್ತು ಕಣಕ್ಕ. ಬೆಳಗಾಗೋದ್ರೊಳಗೆ ಬೇರೆ ಏಣಿ ಎಲ್ಲಿ ಹುಡುಕ್ಲಿ? ಆ ಕೆಲಸ ಕೈತಪ್ಪಿದಂಗೇ."

"ತಪ್ಪಾಯ್ತಪ್ಪ."

"ನಿಮ್ಮದೇನು ತಪ್ಪು, ಬಿಡಿ. ನಿಮ್ಮತ್ತೆ ವಾಕರೂ ಹೋಯ್ತು, ನನ್ನ ಏಣಿನೂ ಹೋಯ್ತು. ಈ ಕಟ್ಟಡಕ್ಕೇ ಏನೋ ಗರ ಬಡಿದಿದೆ." ನಕ್ಕ. ಆಮೇಲೆ ಮುರಿದ ತುದಿಯನ್ನು ಬೆರಳಲ್ಲಿ ಉಜ್ಜುತ್ತ, "ನೀಲಿ ಟೋಪಿ ಎಲ್ಲೋ ಬಿದ್ದುಹೋಗಿದೆ. ಹೋಗ್ಲಿ, ಇವಳ ಹತ್ರ ಬೇಕಾದಷ್ಟಿದೆ. ಮೊನ್ನೆ ತಾನೇ ಯಾರ್ಯಾರಿಗೋ ಹಂಚಿದ್ಲು."

"ಯಾರಿಗೆ?" ಮಾತು ಅವಳ ಬಾಯಿಂದ ಜಾರಿತ್ತು.

"ಯಾರಿಗೆ ಗೊತ್ತಕ್ಕ. ಮಕ್ಕಳ ತೊಟ್ಟಿಲಿಗೆ ಅಂತ ಯಾರೋ ಇಸ್ಕೊಂಡು ಹೋದ್ರು. ಕೇಳಿ ಹೇಳ್ಲಾ?"

ಸೊಸೆ ಅವನ ಮುಖವನ್ನೇ ನೋಡಿದಳು. ಒಂದು 'ಹೂಂ' ಸಾಕಿತ್ತು. ತೊಟ್ಟಿಲು ಮರದ್ದಿರಬಹುದು, ಕಬ್ಬಿಣದ್ದಿರಬಹುದು. ಅಲ್ಲದಿರಲೂಬಹುದು.

"ಬೇಡ. ಸುಮ್ನೆ ಕೇಳ್ದೆ" ಎಂದಳು.

"ಬೆಳಗ್ಗೆ ಇದನ್ನ ಗುಜರಿಗೆ ಹಾಕ್ತೀನಿ. ಅವರು ಕರಗಿಸಿ ಪಾತ್ರೆ ಮಾಡ್ತಾರೆ, ಗಾಡಿ ಮಾಡ್ತಾರೆ, ಏನಾದ್ರೂ ಮಾಡ್ಕೊಳ್ಳಿ. ನಿಮ್ಮ ವಾಕರೂ ಕೊಡಿ, ಒಟ್ಟಿಗೆ ಹೊತ್ಕೊಂಡು ಹೋಗ್ತೀನಿ."

ಅವಳು ಒಳಗೆ ಹೋಗಿ ಮೂರು ಕಾಲಿನ ವಾಕರನ್ನು ತಂದು ಅವನಿಗೆ ಕೊಟ್ಟಳು. ಚೀಲದಲ್ಲಿದ್ದ ತುಂಡನ್ನೂ ಕೊಟ್ಟಳು. ಅವನು ಎಲ್ಲವನ್ನೂ ಒಂದು ಹಗ್ಗದಲ್ಲಿ ಬಿಗಿದು, ಹೆಗಲಿಗೇರಿಸಿ, ಸಿಳ್ಳೆ ಹಾಕುತ್ತ ಹತ್ತಿಹೋದ.

ಅತ್ತೆಯ ಬಟ್ಟೆ, ಶಾಲು, ಕನ್ನಡಕ ತುಂಬಿಕೊಂಡಳು. ಕರವಸ್ತ್ರದ ಗಂಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬೀದಿಯ ತೊಟ್ಟಿಯ ತಳಕ್ಕೆ ತಳ್ಳಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸಿದಳು. ಆಪರೇಶನ್ ಆಗಲಿ, ಆಮೇಲೆ ಹೇಳೋಣ. ಅತ್ತೆ ಎದ್ದು ನಿಲ್ಲಲಿ, ಆಮೇಲೆ. ಹೊಲಿಗೆ ಒಣಗಲಿ, ಆಮೇಲೆ. ಆಸ್ಪತ್ರೆಯ ನಿಲ್ದಾಣ ಬರುವುದರೊಳಗೆ ಆಮೇಲೆಗಳೆಲ್ಲ ಮುಗಿದವು.

ಗಂಡ ಬಾಗಿಲಲ್ಲೇ ನಿಂತಿದ್ದ. "ಆ ತುಂಡು ಭದ್ರವಾಗಿಟ್ಯಾ?"

"ಇಲ್ಲ. ಬರೋ ಗಡಿಬಿಡೀಲಿ ಎಲ್ಲೋ ಬಿದ್ದುಹೋಯ್ತು ಕಣ್ರೀ" ಎಂದಳು ಸೊಸೆ. ಆ ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ತಾನೇ ಬೆಚ್ಚಿದಳು. ಗಂಡ ಹಣೆ ಚಚ್ಚಿಕೊಳ್ಳುತ್ತಿದ್ದಂತೆ ಅವನನ್ನು ದಾಟಿ, ಅತ್ತೆಯ ಮಂಚದ ಪಕ್ಕ ಹೋಗಿ ಕೂತಳು. ಇವನಿಗೂ ಇಲ್ಲ, ಅತ್ತೆಗೂ ಇಲ್ಲ, ಗುಬ್ಬಿಗೂ ಇಲ್ಲ. ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ, ಅತ್ತೆಯ ಕಾಲಿನ ಮೇಲೆ ಶಾಲು ಹೊದಿಸಿದಳು.